ಎಫ್/22ರ ಗೋಡೆಯೂ ಸೆನ್ಸರ್ ಒರೆಸುವ ಗೀಳೂ

ಡಿಜಿಟಲ್ ಕ್ಯಾಮೆರಾ ಹಿಡಿದವರ ಬಳಗದಲ್ಲಿ ಸೆನ್ಸರ್ ಒರೆಸುವ ಕೆಲಸಕ್ಕೆ ಈಗ ದೊಡ್ಡ ಮರ್ಯಾದೆ. ಒದ್ದೆ ಸ್ವಾಬ್ ಹಿಡಿದು ತನ್ನ ಕ್ಯಾಮೆರಾದ ಒಳಗನ್ನು ತಾನೇ ಒರೆಸಬಲ್ಲವನು ಪಳಗಿದವನು. ರಬ್ಬರ್ ಬ್ಲೋವರ್‌ನಿಂದ ನಾಲ್ಕು ಸಲ ಗಾಳಿ ಊದಿ ಲೆನ್ಸ್ ಹಾಕಿಕೊಳ್ಳುವವನು ಇನ್ನೂ ಕಲಿಯುತ್ತಿರುವವನು. ಈ ಶ್ರೇಣಿ ತಲೆಕೆಳಗಾಗಿದೆ. ಒದ್ದೆ ಒರೆತಕ್ಕೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು, ಬ್ಲೋವರ್‌ಗೆ ಸಿಕ್ಕಿರುವ ಅಸಡ್ಡೆ ಅನ್ಯಾಯದ್ದು. ಇವೆರಡಕ್ಕೂ ಕಾರಣ ಒಂದೇ: ಒರೆಸಬೇಕೋ ಬೇಡವೋ ಎಂದು ತೀರ್ಮಾನಿಸಲು ಎಲ್ಲರೂ ನೆಚ್ಚಿಕೊಂಡಿರುವ ಪರೀಕ್ಷೆ.

ಧೂಳು ಕೂರುವುದು ಸೆನ್ಸರ್ ಮೇಲಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ ಎಂಬುದನ್ನಾಗಲಿ, ಲೆನ್ಸ್ ಬದಲಿಸುವ ಯಾವ ಕ್ಯಾಮೆರಾಕ್ಕೂ ಧೂಳು ತಪ್ಪಿದ್ದಲ್ಲ ಎಂಬುದನ್ನಾಗಲಿ ಇಲ್ಲಿ ವಿವರಿಸಬೇಕಾಗಿಲ್ಲ. ನೇರವಾಗಿ ಪರೀಕ್ಷೆಗೆ ಬರೋಣ.

ಅದು ಹೀಗಿದೆ. ಬಿಳಿ ಗೋಡೆಯನ್ನೋ ಮೋಡವಿಲ್ಲದ ಆಕಾಶವನ್ನೋ ಎದುರಿಟ್ಟುಕೊಂಡು, ಫೋಕಸ್ ಪೂರ್ತಿ ತಪ್ಪಿಸಿ, ಅಪರ್ಚರನ್ನು ಎಫ್/22ಕ್ಕೆ ಇಳಿಸಿ ಒಂದು ಚಿತ್ರ ತೆಗೆಯಬೇಕು. ಆಮೇಲೆ ಕಂಪ್ಯೂಟರ್‌ನಲ್ಲಿ ಆಟೊ ಲೆವೆಲ್ಸ್ ಒತ್ತಬೇಕು. ಹೊಸ ಕ್ಯಾಮೆರಾದಿಂದ ತೆಗೆದ ಚಿತ್ರವೂ ಆಗ ಸಿಡುಬಿನ ಮುಖದಂತೆ ಕಾಣುತ್ತದೆ. ನೋಡಿದವರು ಗಾಬರಿಯಾಗಿ ಸ್ವಾಬ್ ಪೊಟ್ಟಣ ಒಡೆಯುತ್ತಾರೆ. ಈ ಪರೀಕ್ಷೆ ಅಳೆಯುವುದು ಏನನ್ನು ಎಂದು ಕೇಳುವವರು ಕಡಿಮೆ.

ಪ್ರತಿ ಪಿಕ್ಸೆಲ್‌ಗೂ ಬೆಳಕು ಲೆನ್ಸ್‌ನ ಹಿಂಬದಿಯಿಂದ ಶಂಕುವಿನ ಆಕಾರದಲ್ಲಿ ಬಂದು ಸೇರುತ್ತದೆ. ಅಪರ್ಚರ್ ಅಗಲವಾಗಿದ್ದರೆ ಶಂಕು ದಪ್ಪ, ಕಿರಿದಾದರೆ ಸಪೂರ. ಮೋಡ ಕವಿದ ದಿನ ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳಿರುವುದಿಲ್ಲ, ಬಿಸಿಲು ಬಂದ ಕೂಡಲೇ ಗೆರೆ ಕೊರೆದಂತೆ ನೆರಳು ಬೀಳುತ್ತದೆ. ಕೋಲು ಅದೇ, ಬದಲಾದದ್ದು ಬೆಳಕು ಬರುವ ಕಿಂಡಿಯ ಅಗಲ. ಸೆನ್ಸರ್ ಎದುರಿನ ಧೂಳಿನ ಕಥೆಯೂ ಇದೇ. ಲೆಕ್ಕ ಹಾಕಿ ನೋಡಬಹುದು. ಧೂಳು ಕೂತ ಮೇಲ್ಮೈಗೂ ಪಿಕ್ಸೆಲ್‌ಗೂ ನಡುವೆ 2 ಮಿಲಿಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಗಾಜಿನೊಳಗೆ ಬೆಳಕು ಬಾಗುವುದನ್ನು ಸದ್ಯಕ್ಕೆ ಬಿಟ್ಟರೆ, ಆ ಮೇಲ್ಮೈಯಲ್ಲಿ ಶಂಕುವಿನ ಅಡ್ಡಳತೆಯು ಅಂತರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದಷ್ಟು. ಎಫ್/2.8ರಲ್ಲಿ ಸುಮಾರು 0.7 ಮಿ.ಮೀ., ಎಫ್/8ರಲ್ಲಿ 0.25 ಮಿ.ಮೀ., ಎಫ್/22ರಲ್ಲಿ 0.09 ಮಿ.ಮೀ. ಅಲ್ಲಿ 0.05 ಮಿ.ಮೀ. ಅಗಲದ ಒಂದು ಕಣ ಕೂತಿದ್ದರೆ ಎಫ್/2.8ರಲ್ಲಿ ಅದು ತಡೆಯುವುದು ಬೆಳಕಿನ ಶೇ. 0.5ರಷ್ಟನ್ನು ಮಾತ್ರ. ಎಫ್/8ರಲ್ಲಿ ಶೇ. 4. ಎಫ್/22ರಲ್ಲಿ ಶೇ. 30. ಕಣ ಒಂದೇ, ಕಲೆ ಅರವತ್ತು ಪಟ್ಟು ಕಪ್ಪು. ಅದರ ಮೇಲೆ ಆಟೊ ಲೆವೆಲ್ಸ್ ಹಾಕಿದರೆ, ಇಡೀ ಚಿತ್ರದಲ್ಲಿರುವ ಅಲ್ಪಸ್ವಲ್ಪ ಏರಿಳಿತವನ್ನೇ ಕಪ್ಪಿನಿಂದ ಬಿಳಿಯವರೆಗೆ ಎಳೆದು ಹಿಗ್ಗಿಸಿದಂತಾಗುತ್ತದೆ. ಬರಿಗಣ್ಣಿಗೆ ಸುಲಭವಾಗಿ ಕಾಣದ ಶೇ. 1ರ ವ್ಯತ್ಯಾಸವೂ ಮಸಿಯ ಚುಕ್ಕೆಯಾಗುತ್ತದೆ.

ಹಾಗಾದರೆ ಎಫ್/22ರಲ್ಲಿ ಚಿತ್ರ ತೆಗೆಯುವವರು ಯಾರು? ಕಬಿನಿ ಹಿನ್ನೀರಿನಲ್ಲಿ ಜೀಪಿನ ಮೇಲೆ ಉದ್ದ ಲೆನ್ಸ್ ಇಟ್ಟುಕೊಂಡು ಕೂತವರು ಎಫ್/5.6, ಎಫ್/6.3 ದಾಟುವುದು ಅಪರೂಪ. ಕಲ್ಯಾಣ ಮಂಟಪದಲ್ಲಿ ಕೆಲಸ ಮಾಡುವವರ ಕ್ಯಾಮೆರಾದೊಳಗೆ ಹೋಮದ ಹೊಗೆ, ಅರಿಸಿನದ ಪುಡಿ, ಹೂವಿನ ಪರಾಗ ಎಲ್ಲವೂ ಹೋಗುತ್ತವೆ. ಆದರೆ ಅವರು ಕೆಲಸ ಮಾಡುವುದು ಎಫ್/2.8ರ ಆಸುಪಾಸಿನಲ್ಲಿ. ಈ ಇಬ್ಬರೂ ಸೆನ್ಸರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದ ಸಂದರ್ಭ ಬಹಳ ಕಡಿಮೆ. ಹಂಪಿಯ ಬಂಡೆಗಳನ್ನು ಎಫ್/11ರಲ್ಲಿ ತೆಗೆಯುವವರಿಗೆ ಆಕಾಶದ ಭಾಗದಲ್ಲಿ ಒಂದೆರಡು ಮಾಸಲು ಕಲೆ ಕಾಣಬಹುದು, ಕಲ್ಲಿನ ಭಾಗದಲ್ಲಿ ಕಾಣುವುದಿಲ್ಲ. ಹಗಲಿನಲ್ಲಿ ಜೋಗದ ನೀರನ್ನು ನಿಧಾನ ಶಟರ್‌ನಲ್ಲಿ ನೊರೆಹಾಲಾಗಿಸಲು ಹೊರಟವರು ಎಫ್/22ಕ್ಕೆ ಇಳಿಯುತ್ತಾರೆ, ನಿಜ. ಆದರೆ ಆ ಅಪರ್ಚರ್‌ನಲ್ಲಿ ವಿವರ್ತನೆಯೇ ಚಿತ್ರವನ್ನು ಮಸುಕುಗೊಳಿಸುತ್ತದೆ. ಹಸಿರು ಬೆಳಕಿನ ಒಂದು ಬಿಂದು ಸೆನ್ಸರ್ ಮೇಲೆ ಸುಮಾರು 30 ಮೈಕ್ರಾನ್ ಅಗಲದ ಬಿಲ್ಲೆಯಾಗಿ ಹರಡುತ್ತದೆ. ಇಂದಿನ ಫುಲ್ ಫ್ರೇಮ್ ಸೆನ್ಸರ್‌ಗಳ ಪಿಕ್ಸೆಲ್ ಸಾಮಾನ್ಯವಾಗಿ 4ರಿಂದ 6 ಮೈಕ್ರಾನ್. ಇಂಥವರು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಎಫ್/8ರಲ್ಲಿ ತೆಗೆದರೆ ನೀರೂ ನೊರೆಯಾಗುತ್ತದೆ, ಚಿತ್ರವೂ ಚುರುಕಾಗಿರುತ್ತದೆ, ಧೂಳೂ ಮರೆಯಾಗುತ್ತದೆ.

ನಿಜವಾಗಿ ತೊಂದರೆ ಅನುಭವಿಸುವವರು ಮ್ಯಾಕ್ರೋದವರು. ಇದನ್ನು ಯಾರೂ ಒತ್ತಿ ಹೇಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ವಸ್ತುವನ್ನು ಅದರ ನಿಜಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಿಸುವಾಗ ಪರಿಣಾಮದಲ್ಲಿ ಎಫ್ ಸಂಖ್ಯೆ ಎರಡರಷ್ಟಾಗುತ್ತದೆ. ಆಗುಂಬೆಯ ಮಳೆಯಲ್ಲಿ ಎಲೆಯ ಮೇಲೆ ಕೂತ ಪುಟ್ಟ ಕೀಟವೊಂದನ್ನು ಎಫ್/11ರಲ್ಲಿ ತೆಗೆಯುವವರ ಸೆನ್ಸರ್ ಕಾಣುವುದು ಎಫ್/22ರ ಸಪೂರ ಶಂಕುವನ್ನು. ಹಿನ್ನೆಲೆಯೂ ಅಲ್ಲಿ ನುಣುಪು. ಹಾಗಾಗಿ ಒಂದೊಂದು ಕಣವೂ ಎದ್ದು ಕಾಣುತ್ತದೆ. ವಿಡಿಯೊ ಮಾಡುವವರದು ಇನ್ನೊಂದು ಸಂಕಟ: ದೃಶ್ಯ ಸರಿಯುತ್ತಿದ್ದರೂ ಕಲೆ ಅಲ್ಲೇ ನಿಂತಿರುತ್ತದೆ, ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಒರೆಸುವ ವಿದ್ಯೆ ಬೇಕಾದದ್ದು ಇವರಿಗೆ.

ಆ ವಿದ್ಯೆಯನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಸೆನ್ಸರ್‌ನ ಗಿಡ್ಡ ಬದಿಯಷ್ಟೇ ಅಗಲದ ಸ್ವಾಬ್ ತೆಗೆದುಕೊಳ್ಳಬೇಕು, 36×24 ಮಿ.ಮೀ.ನ ಫುಲ್ ಫ್ರೇಮಿಗೆ 24 ಮಿ.ಮೀ.ನದು. ಎರಡು ಹನಿ ದ್ರವ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತ, ಸ್ವಾಬ್ ತಿರುವಿ ಹಾಕಿ ವಾಪಸ್ ಇನ್ನೊಂದು ಎಳೆತ, ಆಮೇಲೆ ಸ್ವಾಬ್ ಕಸಕ್ಕೆ. ಹೇಳಲು ಇಷ್ಟೇ. ಎಡವುವುದು ಅಂಚುಗಳಲ್ಲಿ. ಸ್ವಾಬ್ ತುದಿ ಮುಟ್ಟಿ ನಿಲ್ಲುವ ಜಾಗದಲ್ಲಿ ದ್ರವ ಗುಂಪುಗೂಡುತ್ತದೆ, ದಾರಿಯುದ್ದ ಬಾಚಿಕೊಂಡು ಬಂದದ್ದೆಲ್ಲ ಅಲ್ಲೇ ಉಳಿಯುತ್ತದೆ. ದ್ರವ ಹೆಚ್ಚಾದರೆ ಒಣಗಿದ ಗೆರೆ, ಕಡಿಮೆಯಾದರೆ ಒಣ ತಿಕ್ಕಾಟ. ಚಿಕ್ಕ ಸೆನ್ಸರಿನ ಸ್ವಾಬನ್ನೇ ದೊಡ್ಡದಕ್ಕೂ ಬಳಸಿ ಎರಡು ಸಾಲಿನಲ್ಲಿ ಎಳೆದರೆ ಸಾಲು ಸೇರುವ ಕಡೆ ಪಟ್ಟೆ. ಈ ಕೆಲಸದಲ್ಲಿ ಹೆಸರುವಾಸಿಯಾದ ದ್ರವ ಮೆಥನಾಲ್. ಬೇಗ ಆರುವುದು ಅದರ ಗುಣ, ವಿಷವೂ ಹೌದು, ಬೆಂಕಿ ತಗುಲುವಂಥದ್ದೂ ಹೌದು. ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವ ಹೀರಿಕೊಳ್ಳುತ್ತದೆ, ಮತ್ತೆ ಕಲೆ ಬಿಡುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಬಾಟಲಿ ತೆರೆದಿಟ್ಟು ಕೆಲಸ ಮಾಡುವವರು ಇದನ್ನು ನೆನಪಿಡಬೇಕು. ಕಲಬುರಗಿಯ ಬೇಸಿಗೆಯಲ್ಲಿ ಸಮಸ್ಯೆ ಬೇರೆ: ಒಣ ಗಾಳಿಯಲ್ಲಿ ಗಾಜನ್ನು ತಿಕ್ಕಿದರೆ ಸ್ಥಿರವಿದ್ಯುತ್ ಕೂಡುತ್ತದೆ, ಸ್ವಚ್ಛವಾದ ಗಾಜು ಗಾಳಿಯಲ್ಲಿರುವ ಕಣಗಳನ್ನು ತಾನೇ ಕರೆದುಕೊಳ್ಳುತ್ತದೆ. ಇನ್ನು, ಸೆನ್ಸರನ್ನೇ ತೇಲಿಸಿ ಕೈನಡುಕ ತಡೆಯುವ ಮಿರರ್‌ಲೆಸ್ ಬಾಡಿಗಳಲ್ಲಿ ಸ್ವಾಬಿನ ಒತ್ತಡಕ್ಕೆ ಸೆನ್ಸರ್ ಅಲ್ಲಾಡುವುದೂ ಉಂಟು. ಒಂದು ಕಣ ತೆಗೆಯಲು ಹೋಗಿ ಮೂರು ಹೊಸ ಗುರುತು ಮಾಡಿಕೊಳ್ಳುವ ದಾರಿಗಳು ಇಷ್ಟಿವೆ. ಪಳಗಿದ ಕೈಗೆ ಇವೆಲ್ಲ ತಪ್ಪಿಸಬಹುದಾದ ತಪ್ಪುಗಳೇ. ಆದರೆ ಅನಗತ್ಯವಾದ ಕೆಲಸವನ್ನು ಚೆನ್ನಾಗಿ ಮಾಡುವುದರಲ್ಲಿ ಯಾವ ಹೆಚ್ಚುಗಾರಿಕೆ?

ಒದ್ದೆ ಒರೆತಕ್ಕೆ ಅದರದೇ ಆದ ಜಾಗವಿದೆ. ಶಟರ್ ಚಿಮ್ಮಿಸಿದ ಎಣ್ಣೆಯ ಹನಿ, ತೇವದಲ್ಲಿ ಅಂಟಿ ಒಣಗಿದ ಪರಾಗ, ಉಗುಳಿನ ಕಣ, ಇವು ಗಾಳಿಗೆ ಜಗ್ಗುವುದಿಲ್ಲ. ಅಲ್ಲಿ ಸ್ವಾಬ್ ಬೇಕೇ ಬೇಕು.

ಬ್ಲೋವರ್ ವಿರೋಧಿಗಳ ವಾದವೊಂದು ಎಲ್ಲ ಕಡೆ ಕೇಳಿಬರುತ್ತದೆ: ಅದು ಧೂಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಳ್ಳುತ್ತದೆ ಅಷ್ಟೇ. ಕ್ಯಾಮೆರಾವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಊದಿದರೆ ಆಗುವುದು ಅದೇ. ಲೆನ್ಸ್ ಕೂರುವ ಬಾಯಿಯನ್ನು ನೆಲದ ಕಡೆ ಮಾಡಿ, ಮೊದಲು ಸುತ್ತಲಿನ ಗೋಡೆಗಳಿಗೆ, ಆಮೇಲೆ ಗಾಜಿಗೆ, ಮೂತಿಯನ್ನು ಒಳಗೆ ತುರುಕದೆ ಊದಿದವರಿಗೆ ಈ ದೂರು ಇರುವುದಿಲ್ಲ. ಡಬ್ಬಿಯಲ್ಲಿ ತುಂಬಿದ ಒತ್ತಡದ ಗಾಳಿಯನ್ನು ಇದರ ಜೊತೆ ಸೇರಿಸಿ ಬಯ್ಯುವುದೂ ಸರಿಯಲ್ಲ. ಆ ಡಬ್ಬಿ ದ್ರವವನ್ನೇ ಗಾಜಿನ ಮೇಲೆ ಉಗುಳಬಹುದು, ಅದು ತ್ಯಾಜ್ಯ. ಒಂದು ಸರಳ ತಿಳಿವಳಿಕೆಯೂ ಬೇಕು: ಸೆನ್ಸರ್ ಮೇಲೆ ಬಿಂಬ ತಲೆಕೆಳಗು. ಕ್ಯಾಮೆರಾವನ್ನು ನೆಟ್ಟಗೆ ಹಿಡಿದು ಎದುರಿನಿಂದ ಒಳಗೆ ನೋಡಿದಾಗ, ಚಿತ್ರದ ಮೇಲಿನ ಎಡಮೂಲೆಯ ಕಲೆಗೆ ಕಾರಣವಾದ ಕಣ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಇದನ್ನು ತಿಳಿಯದೆ ಮೇಲ್ಭಾಗಕ್ಕೆ ಊದಿ, ಬ್ಲೋವರ್ ಕೆಲಸಕ್ಕೆ ಬಾರದ್ದು ಎಂದು ಬರೆದವರ ಮಾತನ್ನು ನಾವು ಹೇಗೆ ನಂಬುವುದು?

ಸೆನ್ಸರನ್ನೋ ಅದರ ಮುಂದಿನ ಗಾಜನ್ನೋ ಕ್ಯಾಮೆರಾ ತಾನೇ ಅಲುಗಿಸಿ ಧೂಳು ಕೊಡವುವ ವ್ಯವಸ್ಥೆಯನ್ನು ಬರೀ ಜಾಹೀರಾತು ಎಂದು ತಳ್ಳಿಹಾಕುವವರೂ ಇದ್ದಾರೆ. 2003ರಲ್ಲಿ ಒಲಿಂಪಸ್ ಇ-1 ಇದನ್ನು ಮೊದಲು ತಂದಿತು. 2006ರಲ್ಲಿ ಕ್ಯಾನನ್ 400ಡಿ, ಸೋನಿ ಆಲ್ಫಾ 100, ಪೆಂಟಾಕ್ಸ್ ಕೆ10ಡಿಗಳಲ್ಲಿ, 2007ರಲ್ಲಿ ನಿಕಾನ್ ಡಿ300ರಲ್ಲಿ ತಂತಮ್ಮ ರೀತಿಯ ವ್ಯವಸ್ಥೆಗಳು ಬಂದವು. ಅಲುಗಾಟಕ್ಕೆ ಕಣ ಉದುರಬೇಕಾದರೆ ಅದಕ್ಕೆ ತೂಕವಿರಬೇಕು. ಕಣದ ಅಗಲ ಅರ್ಧವಾದರೆ ಅದನ್ನು ಗಾಜಿಗೆ ಹಿಡಿದಿಡುವ ಬಲ ಹೆಚ್ಚುಕಡಿಮೆ ಅರ್ಧವಾಗುತ್ತದೆ, ತೂಕ ಮಾತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ದೊಡ್ಡ ಕಣ ಉದುರುತ್ತದೆ, ಸಣ್ಣದು ಉಳಿಯುತ್ತದೆ. ಉಳಿಯುವ ಆ ಸಣ್ಣ ಕಣಗಳೇ ಎಫ್/8ರಲ್ಲಿ ಕಾಣದವು. ಅಂದರೆ ಆ ವ್ಯವಸ್ಥೆ ತನ್ನ ಕೆಲಸ ಮಾಡಿದೆ. ಅದು ಸೋತಿತು ಎಂದು ತೀರ್ಪು ಕೊಟ್ಟದ್ದು ಎಫ್/22ರ ಗೋಡೆ.

ಈ ಚರ್ಚೆಯಲ್ಲಿ ನಿಕಾನ್ ಡಿ600ರ ಪ್ರಸ್ತಾಪ ಬರದೆ ಇರುವುದಿಲ್ಲ. 2012ರ ಸೆಪ್ಟೆಂಬರಿನಲ್ಲಿ ಬಂದ ಆ ಕ್ಯಾಮೆರಾದ ಚಿತ್ರಗಳಲ್ಲಿ, ಹೆಚ್ಚಾಗಿ ಮೇಲಿನ ಎಡಮೂಲೆಯಲ್ಲಿ, ಚುಕ್ಕೆಗಳು ಕಾಣಿಸಿಕೊಂಡವು. 2013ರ ಫೆಬ್ರವರಿಯಲ್ಲಿ ಕಂಪನಿ ಅದನ್ನು ಒಪ್ಪಿ ಸೂಚನೆ ಹೊರಡಿಸಿತು, ಅಕ್ಟೋಬರಿನಲ್ಲಿ ಶಟರ್ ಬದಲಿಸಿದ ಡಿ610 ಬಂತು, 2014ರಲ್ಲಿ ಹಳೆಯ ಕ್ಯಾಮೆರಾಗಳಿಗೂ ಉಚಿತವಾಗಿ ಶಟರ್ ಬದಲಿಸಿಕೊಡುವುದಾಗಿ ಘೋಷಣೆಯಾಯಿತು. ಬಳಕೆದಾರ ತಾನೇ ಒರೆಸಿಕೊಳ್ಳುವುದನ್ನು ಕಲಿಯಬೇಕು ಎನ್ನುವುದಕ್ಕೆ ಇದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ನನಗೆ ಕಾಣುವುದು ಇದರ ವಿರುದ್ಧವಾದದ್ದು. ಕೊಳೆ ಹುಟ್ಟುತ್ತಿದ್ದದ್ದು ಕ್ಯಾಮೆರಾದ ಒಳಗೇ. ಎಷ್ಟು ಒರೆಸಿದರೂ ಮತ್ತೆ ಬರುತ್ತಿತ್ತು. ಪರಿಹಾರ ಸಿಕ್ಕಿದ್ದು ಶಟರ್ ಬದಲಾದಾಗ. ಬಳಕೆದಾರರೆಲ್ಲ ಸ್ವಾಬ್ ಹಿಡಿದು ಸುಮ್ಮನಾಗಿದ್ದರೆ ಆ ಶಟರ್ ಬದಲಾಗುತ್ತಿತ್ತೇ?

ನನ್ನ ಇನ್ನೊಂದು ಜಗಳ, ಚಿತ್ರದಲ್ಲಿನ ಧೂಳಿನ ಕಲೆಯನ್ನು ಕಂಪ್ಯೂಟರ್‌ನಲ್ಲಿ ಅಳಿಸುವುದು ಅಪ್ರಾಮಾಣಿಕ ಎನ್ನುವವರೊಡನೆ. ಫಿಲ್ಮಿನ ಕಾಲದಲ್ಲಿ ಪ್ರತಿ ಚಿತ್ರಕ್ಕೂ ಹೊಸ ಮೇಲ್ಮೈ ಸಿಗುತ್ತಿತ್ತು, ಆದರೂ ಎನ್‌ಲಾರ್ಜರ್‌ನಲ್ಲಿ ನೆಗೆಟಿವ್ ಮೇಲೆ ಕೂತ ಧೂಳು ಪ್ರಿಂಟಿನಲ್ಲಿ ಬಿಳಿ ಚುಕ್ಕೆಯಾಗುತ್ತಿತ್ತು. ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರಿನ ಡಾರ್ಕ್‌ರೂಮ್‌ಗಳಲ್ಲಿ ಸಪೂರ ಕುಂಚಕ್ಕೆ ಬಣ್ಣ ಹಚ್ಚಿ ಆ ಚುಕ್ಕೆ ತುಂಬುವುದು ಪ್ರಿಂಟ್ ತಯಾರಿಯ ಭಾಗವೇ ಆಗಿತ್ತು. ಇಂದು ನಮ್ಮ ಕ್ಲಬ್ಬುಗಳವರು ಚಿತ್ರ ಕಳಿಸುವ ಛಾಯಾಚಿತ್ರ ಸ್ಪರ್ಧೆಗಳಾದ ಸಲೂನ್‌ಗಳ ನಿಸರ್ಗ ವಿಭಾಗದ ನಿಯಮ ಬಹಳ ಬಿಗಿಯಾದದ್ದು, ಒಂದು ಹುಲ್ಲುಕಡ್ಡಿ ಅಳಿಸುವಂತಿಲ್ಲ. ಆ ನಿಯಮವೂ ಧೂಳಿನ ಕಲೆ ತೆಗೆಯಲು ಅನುಮತಿ ಕೊಡುತ್ತದೆ. ಅಷ್ಟು ಕಟ್ಟುನಿಟ್ಟಿನವರು ಒಪ್ಪಿದ್ದನ್ನು ಇವರು ಯಾವ ಆಧಾರದ ಮೇಲೆ ಮೋಸವೆನ್ನುತ್ತಾರೆ?

ಧೂಳಿನ ಬಗ್ಗೆ ಅತ್ಯಂತ ಪ್ರೌಢವಾದ ನಿಲುವು ಕಾಣಸಿಗುವುದು ಖಗೋಳ ವಿಜ್ಞಾನಿಗಳಲ್ಲಿ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಒಂದು ಕಣ ಕೂತಿತೆಂದು ಅಲ್ಲಿಂದ ಎದ್ದು ಹೋಗಿ ಒರೆಸಲಾದೀತೇ? ಸಿಸಿಡಿ ಸೆನ್ಸರ್ ಬಳಸುವ ಖಗೋಳ ವೀಕ್ಷಣೆಯಲ್ಲೆಲ್ಲ ಇರುವ ಕ್ರಮ ಬೇರೆ: ಮುಸ್ಸಂಜೆಯ ಸಮನಾದ ಆಕಾಶವನ್ನೋ ಬೆಳಗಿಸಿದ ಪರದೆಯನ್ನೋ ಚಿತ್ರ ತೆಗೆದು, ಧೂಳಿನ ನೆರಳನ್ನು ಅದರಲ್ಲಿ ದಾಖಲಿಸಿ, ನಕ್ಷತ್ರದ ಚಿತ್ರವನ್ನು ಆ ಚಿತ್ರದಿಂದ ಭಾಗಿಸುತ್ತಾರೆ. ನೆರಳು ಲೆಕ್ಕದಲ್ಲೇ ಕಳೆದುಹೋಗುತ್ತದೆ. ಇವರೂ ಬಯಲು ಮೇಲ್ಮೈಯ ಚಿತ್ರ ತೆಗೆಯುವವರೇ, ಆದರೆ ವೀಕ್ಷಣೆಗೆ ಬಳಸುವ ಅದೇ ವ್ಯವಸ್ಥೆಯಲ್ಲಿ ತೆಗೆಯುತ್ತಾರೆ. ಈ ವಿಧಾನಕ್ಕೆ ಹತ್ತಿರವಾದ ಸೌಲಭ್ಯ ನಮ್ಮ ಕ್ಯಾಮೆರಾಗಳಿಗೂ ಬಂದಿದೆ. ಕ್ಯಾನನ್‌ನಲ್ಲಿ ಡಸ್ಟ್ ಡಿಲೀಟ್ ಡೇಟಾ, ನಿಕಾನ್‌ನಲ್ಲಿ ಇಮೇಜ್ ಡಸ್ಟ್ ಆಫ್ ಎಂಬ ಹೆಸರಿನಲ್ಲಿ ಅದು ಮೆನುವಿನೊಳಗೆ ಇದೆ. ಸೆನ್ಸರ್ ಶುಚಿಯ ಬಗ್ಗೆ ನಾನು ನೋಡಿದ ಬರಹಗಳಲ್ಲಿ ಇದಕ್ಕೊಂದು ಪ್ಯಾರಾ ಕೊಟ್ಟವು ತೀರಾ ವಿರಳ.

ಹಾಗಾಗಿ ಊರೂರಲ್ಲಿ ಛಾಯಾಗ್ರಹಣ ಶಿಬಿರ ನಡೆಸುವವರಲ್ಲಿ ನನ್ನ ಕೋರಿಕೆ. ನಿಮ್ಮ ಪಾಠದಿಂದ ಎಫ್/22ರ ಗೋಡೆಯನ್ನು ತೆಗೆದುಬಿಡಿ. ಶಿಬಿರಕ್ಕೆ ಬಂದವರು ತಾವು ತೆಗೆದ ಚಿತ್ರಗಳನ್ನೇ ನೋಡಿ, ತಾವು ನಿಜವಾಗಿ ಬಳಸುವ ಅತಿ ಕಿರಿದಾದ ಅಪರ್ಚರ್ ಯಾವುದೆಂದು ಕಂಡುಕೊಳ್ಳಲಿ. ಬಯಲು ಆಕಾಶವನ್ನು ಆ ಅಪರ್ಚರಿನಲ್ಲೇ ತೆಗೆದು, ಲೆವೆಲ್ಸ್ ಮುಟ್ಟದೆ ನೋಡಲಿ. ಕಲೆ ಕಂಡರೆ ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಊದಲಿ, ಮತ್ತೆ ಅದೇ ಅಪರ್ಚರಿನಲ್ಲಿ ತೆಗೆದು ನೋಡಲಿ. ಆಮೇಲೂ ಅದೇ ಜಾಗದಲ್ಲಿ ಉಳಿದ ಕಲೆಗೆ ಮಾತ್ರ ಸ್ವಾಬ್ ಪೊಟ್ಟಣ ಒಡೆಯಲು ಹೇಳಿಕೊಡಿ.