ಮರಳಿ ಆಡುವ ಸುಖ: ಹಳೆಯ ವಿಜ್ಞಾನಕಥೆಯ ಆಟಗಳನ್ನು ಕುರಿತು

ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ಕೃತಿಯೂ ಒಳ್ಳೆಯದಾಗಿಬಿಡುವುದಿಲ್ಲ ಎಂದು ಕಾಳಿದಾಸ ತನ್ನ ನಾಟಕದ ಪ್ರಸ್ತಾವನೆಯಲ್ಲಿಯೇ ಎಚ್ಚರಿಸಿದ್ದಾನೆ. ಅವನ ಮಾತು ಕಾವ್ಯಕ್ಕೆ ಮಾತ್ರ ಸಲ್ಲುವಂಥದಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಆಡುವ ಆಟಗಳಿಗೂ ಈಗ ಐವತ್ತು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಬಾಲ್ಯದಲ್ಲಿ ಅಥವಾ ವಿದ್ಯಾರ್ಥಿ ದೆಸೆಯಲ್ಲಿ ಅವನ್ನು ಆಡಿದವರು ನಡುವಯಸ್ಸಿನಲ್ಲಿ ಮತ್ತೆ ಅವುಗಳ ಕಡೆಗೆ ತಿರುಗುತ್ತಿದ್ದಾರೆ. ತಿರುಗಿದವರೆಲ್ಲ ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತಾರೆ: 'ಆ ಕಾಲದ ಆಟಗಳೇ ಬೇರೆ!' ಹಳೆಯ ದಿನಗಳ ಈ ಹಂಬಲ ಸಹಜವಾದದ್ದು; ಅದನ್ನು ಹಾಸ್ಯಮಾಡುವುದು ನನ್ನ ಉದ್ದೇಶವಲ್ಲ. ಆದರೆ ಹಂಬಲಕ್ಕೆ ಆಯ್ಕೆ ತಿಳಿಯದು. ಅದು ಕಾಳನ್ನೂ ಹೊಟ್ಟನ್ನೂ ಒಂದೇ ಮೊರದಲ್ಲಿ ತುಂಬಿಕೊಂಡು ಎದೆಗವಚಿಕೊಳ್ಳುತ್ತದೆ. ಕೇರುವ ಕೆಲಸವನ್ನು ಯಾರಾದರೂ ಮಾಡಲೇಬೇಕು.

ಇಲ್ಲಿ ನಾನು ಎತ್ತಿಕೊಂಡಿರುವುದು ಅಮೆರಿಕದ ಇನ್ಫೋಕಾಮ್ ಎಂಬ ಸಂಸ್ಥೆ ಪ್ರಕಟಿಸಿದ ಮೂರು ವಿಜ್ಞಾನಕಥೆಗಳನ್ನು. ಈ ಜಾತಿಯ ಆಟಕ್ಕೆ ಮೂಲಪುರುಷ ವಿಲ್ ಕ್ರೌದರ್. ಕೆಂಟುಕಿ ರಾಜ್ಯದ ಮ್ಯಾಮತ್ ಗುಹೆಗಳಲ್ಲಿ ಓಡಾಡಿ ಬಲ್ಲ ಈತ 1976ರ ಸುಮಾರಿಗೆ 'ಅಡ್ವೆಂಚರ್' ಎಂಬ ಆಟವನ್ನು ರಚಿಸಿದ. ಮರುವರ್ಷ ಡಾನ್ ವುಡ್ಸ್ ಅದನ್ನು ಹಿಗ್ಗಿಸಿ ಬೆಳೆಸಿದ. ಇಡೀ ಪ್ರಕಾರಕ್ಕೆ ಹೆಸರು ಬಂದದ್ದು ಆ ಆಟದಿಂದಲೇ. ಅದರಿಂದ ಸ್ಫೂರ್ತಿ ಪಡೆದು ಎಂ.ಐ.ಟಿ.ಯ ಕೆಲವರು 1979ರಲ್ಲಿ ಇನ್ಫೋಕಾಮನ್ನು ಕಟ್ಟಿದರು. ಅವರ ಈ ಕೃತಿಗಳಲ್ಲಿ ಚಿತ್ರವಿಲ್ಲ, ಸಂಗೀತವಿಲ್ಲ. ಇರುವುದು ಅಕ್ಷರ ಮಾತ್ರ. ಯಂತ್ರ ಒಂದು ಸನ್ನಿವೇಶವನ್ನು ಗದ್ಯದಲ್ಲಿ ವರ್ಣಿಸುತ್ತದೆ. ಆಡುವವನು ಏನು ಮಾಡಬೇಕೆಂಬುದನ್ನು ಎರಡು ಮೂರು ಪದಗಳಲ್ಲಿ ಬರೆಯುತ್ತಾನೆ. ಯಂತ್ರ ಕಥೆಯನ್ನು ಮುಂದುವರಿಸುತ್ತದೆ.

ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಸ್ವಾರಸ್ಯ ತೋರದಿರದು. ಆಟ ಒಪ್ಪುವ ಇಂಗ್ಲಿಷ್ ಆಜ್ಞೆಯಲ್ಲಿ ಕ್ರಿಯೆ ಮೊದಲು, ವಸ್ತು ಆಮೇಲೆ. ನಮ್ಮಲ್ಲಿ ಹಾಗಲ್ಲ, 'ಬಾಗಿಲು' ಎಂದು ಬರೆದು ತೆರೆಯುವುದೋ ಮುಚ್ಚುವುದೋ ಎಂದು ಒಂದು ಕ್ಷಣ ತಡೆಯಬಹುದು. ಜೊತೆಗೆ ಕಥೆಯೆಲ್ಲ ಮಧ್ಯಮ ಪುರುಷದಲ್ಲಿ ಸಾಗುತ್ತದೆ. ಇಂಗ್ಲಿಷಿನ ಒಂದೇ ಸರ್ವನಾಮ ಅಲ್ಲಿ ಎಲ್ಲರಿಗೂ ಸಲ್ಲುತ್ತದೆ. ಕನ್ನಡದಲ್ಲಿ ಇಂಥ ಕೃತಿ ಬಂದರೆ ಆಡುವವನನ್ನು 'ನೀನು' ಎನ್ನುವುದೋ 'ನೀವು' ಎನ್ನುವುದೋ ಎಂಬುದನ್ನು ಲೇಖಕ ಮೊದಲ ವಾಕ್ಯದಲ್ಲಿಯೇ ತೀರ್ಮಾನಿಸಬೇಕಾದೀತು.

ಇನ್ನು ಮುಖ್ಯ ಪ್ರಶ್ನೆ. ಇಂಥ ಆಟದ ಬೆನ್ನೆಲುಬು ಒಗಟು. ಬೀಗಕ್ಕೆ ಕೀಲಿ ಎಲ್ಲಿದೆ, ಕೆಟ್ಟ ಯಂತ್ರಕ್ಕೆ ಯಾವ ಭಾಗ ಬೇಕು ಎಂದು ತಲೆ ಕೆರೆದುಕೊಳ್ಳುವುದರಲ್ಲಿಯೇ ಅದರ ಕುತೂಹಲವಿದೆ. ಒಡೆದ ಒಗಟಿಗೆ ಎರಡನೆಯ ಸಲ ಬೆಲೆಯಿಲ್ಲ. ಹಾಗಾದರೆ ಬಿಡಿಸಿಟ್ಟ ಆಟವನ್ನು ಮತ್ತೆ ಆಡುವವನು ಅದರಿಂದ ಪಡೆಯುವುದೇನು? ಬರಿಯ ನೆನಪನ್ನೇ? ಗಮಕಿ ಕರ್ಣಪರ್ವವನ್ನು ವಾಚಿಸುವಾಗ ಕರ್ಣ ಸಾಯುತ್ತಾನೆಂಬುದನ್ನು ಅರಿಯದವರು ಆ ಪಡಸಾಲೆಯಲ್ಲಿ ಯಾರೂ ಇರುವುದಿಲ್ಲ. ಆದರೂ ಕಣ್ಣು ಒದ್ದೆಯಾಗುತ್ತದೆ. ಕುತೂಹಲ ತೀರಿದ ಮೇಲೆ ಉಳಿಯುವುದೇ ರಸ. ಆದ್ದರಿಂದ ಮರಳಿ ಆಡುವುದೆಂದರೆ ಕೃತಿಯನ್ನು ಒರೆಗೆ ಹಚ್ಚುವುದು. ವಿದ್ಯಾರ್ಥಿಯಾಗಿದ್ದಾಗ ಆಡಿದ್ದ ಈ ಮೂರನ್ನೂ ಇತ್ತೀಚೆಗೆ ಇದೇ ಒರೆಗೆ ಹಚ್ಚಿ ನೋಡಿದೆ.

ಮೊದಲನೆಯದು 1984ರ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ'. 1978ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಇದೇ ಹೆಸರಿನ ನಾಟಕಮಾಲೆಯನ್ನು ಬರೆದ ಡಗ್ಲಸ್ ಆಡಮ್ಸ್, ಸ್ಟೀವ್ ಮೆರೆಟ್ಸ್ಕಿಯೊಡನೆ ಸೇರಿ ಮಾಡಿದ ಆಟ. ಮಾತಿನ ವಿನೋದ ಇಂದಿಗೂ ಬಾಡಿಲ್ಲ. ನಗು ಬಂದೇ ಬರುತ್ತದೆ. ಆದರೆ ಆಟದ ಕಟ್ಟಡವನ್ನು ನೋಡಿ. ಕಿವಿಯಲ್ಲಿಟ್ಟುಕೊಂಡರೆ ಎಲ್ಲ ಭಾಷೆಗಳೂ ತಿಳಿಯುವ ಒಂದು ಮೀನನ್ನು ಪಡೆಯಲು ನಿಲುವಂಗಿ, ಟವೆಲು, ಚೀಲ, ಕಾಗದದ ಕಟ್ಟು ಎಂಬ ನಾಲ್ಕು ವಸ್ತುಗಳನ್ನು ಸರಿಯಾದ ಜಾಗದಲ್ಲಿ ಹೂಡಬೇಕು. ಮೊದಲ ಸಲ ಇದು ಮನಸಾರೆ ನಗಿಸುವ ಒಗಟು. ಎರಡನೆಯ ಸಲ ಬರಿಯ ಅಡುಗೆಯ ಪಟ್ಟಿ. ಆರಂಭದಲ್ಲಿ ಒಂದು ನಾಯಿಗೆ ಸ್ಯಾಂಡ್‌ವಿಚ್ ಹಾಕದೆ ಮುಂದೆ ಹೋದರೆ, ಬಹಳ ಹೊತ್ತಿನ ಮೇಲೆ ಅದೇ ನಾಯಿ ಒಂದು ಸೂಕ್ಷ್ಮ ನೌಕಾಪಡೆಯನ್ನು ನುಂಗಿ ನಮ್ಮ ದಾರಿಯನ್ನು ಮುಚ್ಚಿಬಿಡುತ್ತದೆ. ಮರಳಿ ಆಡುವವನಿಗೆ ಇದು ಲೇಖಕನ ಚತುರತೆಯಾಗಿ ಕಂಡೀತು. ಹೊಸಬನಿಗೆ ಮಾತ್ರ ಇದು ಅನ್ಯಾಯವೇ ಸರಿ. ಇದನ್ನು 'ಹಳೆಯ ಕಾಲದ ಗಟ್ಟಿತನ' ಎಂದು ಹೊಗಳುವ ಹಂಬಲಿಗರನ್ನು ನಾನು ಒಪ್ಪಲಾರೆ. ಶ್ರಮ ಕೊಟ್ಟದ್ದೆಲ್ಲ ಗಟ್ಟಿಯಾದದ್ದಲ್ಲ.

ಎರಡನೆಯದು ಮೆರೆಟ್ಸ್ಕಿಯೇ 1983ರಲ್ಲಿ ಬರೆದ 'ಪ್ಲ್ಯಾನೆಟ್‌ಫಾಲ್'. ಅಂತರಿಕ್ಷ ನೌಕೆಯ ನೆಲ ಉಜ್ಜುವ ಕೆಳದರ್ಜೆಯ ಸಿಬ್ಬಂದಿ ನೀವು. ನೌಕೆ ಸ್ಫೋಟಗೊಂಡು, ಜನರ ಸುಳಿವೇ ಇಲ್ಲದ ಗ್ರಹವೊಂದರಲ್ಲಿ ಬೀಳುತ್ತೀರಿ. ಅಲ್ಲಿ ಸಿಕ್ಕುವ ಒಂದೇ ಒಂದು ಜೊತೆ ಫ್ಲಾಯ್ಡ್ ಎಂಬ ಯಂತ್ರಮಾನವ. ಅವನ ಬುದ್ಧಿ ಮಗುವಿನದು. ಹಿಂದೆ ಹಿಂದೆ ಬರುತ್ತಾನೆ, ಕಣ್ಣಾಮುಚ್ಚಾಲೆಗೆ ಕರೆಯುತ್ತಾನೆ, ಕೆಲಸದ ನಡುವೆ ಬಾಯಿ ಹಾಕುತ್ತಾನೆ. ಕೊನೆಗೊಮ್ಮೆ ಒಂದು ಪ್ರಯೋಗಶಾಲೆಯ ಒಳಗಿರುವ ಕಾರ್ಡು ಬೇಕಾಗುತ್ತದೆ. ಒಳಗೆ ಭೀಕರ ಜೀವಿಗಳಿವೆ. ತಾನು ಹೋಗಿ ತರುತ್ತೇನೆಂದು ಫ್ಲಾಯ್ಡ್ ಮುಂದೆ ಬರುತ್ತಾನೆ. ಬಾಗಿಲು ತೆರೆಯಬೇಕಾದವರು ನೀವು. ಅವನು ಒಳಗೆ ನುಗ್ಗಿದೊಡನೆ ಬಾಗಿಲನ್ನು ಮುಚ್ಚಬೇಕಾದವರೂ ನೀವೇ. ಮುಚ್ಚದಿದ್ದರೆ ಆ ಜೀವಿಗಳು ಹೊರಬಂದು ನಿಮ್ಮನ್ನು ಕೊಲ್ಲುತ್ತವೆ. ಅವನು ಕಾರ್ಡನ್ನು ತಂದುಕೊಟ್ಟು ನಿಮ್ಮ ತೋಳಿನಲ್ಲಿ ಸಾಯುತ್ತಾನೆ.

ಮೊದಲ ಸಲ ಆಡುವಾಗ ಇದು ಆಘಾತ. ಮರಳಿ ಆಡುವಾಗ ಇದರ ಗುಣವೇ ಬೇರೆ. ಕರ್ಣನ ಸಾವನ್ನು ಕೇಳುವವನು ಅದನ್ನು ತಡೆಯಲಾರ, ಅದಕ್ಕೆ ಕಾರಣನೂ ಅಲ್ಲ. ಅವನ ದುಃಖ ನಿರ್ಮಲವಾದದ್ದು. ಇಲ್ಲಿ ಹಾಗಲ್ಲ. ಮುಂದೆ ಏನಾಗುತ್ತದೆಂದು ಬಲ್ಲ ನಾನು, ನನ್ನ ಬೆರಳುಗಳಿಂದಲೇ, ಬಾಗಿಲನ್ನು ಮುಚ್ಚೆಂಬ ಆಜ್ಞೆಯನ್ನು ಬರೆಯಬೇಕು. ಬರೆಯದೆ ಕಥೆ ಮುಂದುವರಿಯದು. ಅರಿಯದೆ ಮಾಡಿದ್ದ ಕೆಲಸವನ್ನು ಅರಿತು ಮಾಡಬೇಕಾಗುತ್ತದೆ. ಈ ಸಲ ಆ ಆಜ್ಞೆಯ ಮುಂದೆ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆನೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಓದುಗನನ್ನು ಕೃತ್ಯದಲ್ಲಿ ಪಾಲುಗಾರನನ್ನಾಗಿ ಮಾಡುವ ಈ ಶಕ್ತಿ ಕಾದಂಬರಿಗೂ ನಾಟಕಕ್ಕೂ ಈ ಬಗೆಯಲ್ಲಿ ಸಾಧ್ಯವಿಲ್ಲ. ಇದು ಈ ಪ್ರಕಾರದ ಸ್ವಂತ ಸೊತ್ತು. ಎರಡನೆಯ ಆಟದಲ್ಲಿಯೇ ಅದು ಪೂರ್ತಿಯಾಗಿ ಪ್ರಕಟವಾಗುತ್ತದೆ.

ಹಾಗೆಂದು ಇದು ನಿರ್ದೋಷವಾದ ಕೃತಿಯಲ್ಲ. ಹಸಿವು, ನಿದ್ದೆಗಳ ಲೆಕ್ಕ ಇಡುವುದು ಮೊದಲ ಸಲ ವಾಸ್ತವತೆಯಂತೆ ತೋರಿ ಎರಡನೆಯ ಸಲ ಬೇಸರ ತರಿಸುತ್ತದೆ. ಅದಕ್ಕಿಂತ ದೊಡ್ಡ ದೋಷ ಮುಕ್ತಾಯದ್ದು. ಗ್ರಹದ ಜನ ಎಚ್ಚೆತ್ತ ಮೇಲೆ ಫ್ಲಾಯ್ಡನನ್ನೂ ರಿಪೇರಿ ಮಾಡಿ ಕುಣಿಯುತ್ತ ಬರುವಂತೆ ಮಾಡಿದ್ದಾರೆ. ಆಡುವವರಿಗೆ ಸಮಾಧಾನವಾಗಲೆಂದು ಲೇಖಕ ಕರುಣೆ ತೋರಿದನೆಂದು ಕಾಣುತ್ತದೆ. ಔಚಿತ್ಯದ ದೃಷ್ಟಿಯಿಂದ ಇದು ತಪ್ಪು: ಮರಳಿ ಬರುವವನಿಗಾಗಿ ಅಷ್ಟು ಹೊತ್ತು ಕುಳಿತು ದುಃಖಿಸಿದ್ದು ವ್ಯರ್ಥವಾಯಿತೇ ಎಂಬ ಅನುಮಾನ ಬರುತ್ತದೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಶ್ರೇಷ್ಠವಾದದ್ದು, 1985ರ 'ಎ ಮೈಂಡ್ ಫಾರೆವರ್ ವಾಯೇಜಿಂಗ್'. ಇದೂ ಮೆರೆಟ್ಸ್ಕಿಯದೇ. ವರ್ಡ್ಸ್‌ವರ್ತ್ ನ್ಯೂಟನ್ನನನ್ನು ಕುರಿತು ಬರೆದ ಸಾಲುಗಳಿಂದ ಬಂದ ಹೆಸರಿದು. ಕಥೆ ನಡೆಯುವುದು 2031ರಲ್ಲಿ. ಪೆರಿ ಸಿಮ್ ಎಂಬ ಮನುಷ್ಯನೆಂದು ತನ್ನನ್ನು ತಿಳಿದಿದ್ದವನು, ತಾನು ಪ್ರಿಸಮ್ ಎಂಬ ಕಂಪ್ಯೂಟರ್ ಎಂದು ತಿಳಿಯುತ್ತಾನೆ. ಒಬ್ಬ ರಾಜಕಾರಣಿಯ ರಾಷ್ಟ್ರೋದ್ಧಾರದ ಯೋಜನೆ ಜಾರಿಗೆ ಬಂದರೆ ದೇಶ ಏನಾದೀತೆಂಬುದನ್ನು ಅವನು ಕಲ್ಪಿತ ಭವಿಷ್ಯದ ಒಳಹೊಕ್ಕು ನೋಡಿ ಬರಬೇಕು. ದಕ್ಷಿಣ ಡಕೋಟಾದ ರಾಕ್‌ವಿಲ್ ಎಂಬ ಊರು. ಮೊದಲು 2041, ಆಮೇಲೆ ಹತ್ತು ಹತ್ತು ವರ್ಷ ಮುಂದಕ್ಕೆ 2081ರ ವರೆಗೆ. ಮೊದಲ ದಶಕ ಚೆನ್ನಾಗಿಯೇ ಕಾಣುತ್ತದೆ. ನಂತರ ಒಂದೊಂದೇ ಬಿರುಕು. ಅದೇ ಬೀದಿ, ಅದೇ ಮನೆ, ಅದೇ ಹೆಂಡತಿ, ಮಗ; ದಶಕದಿಂದ ದಶಕಕ್ಕೆ ಊರೂ ಸಂಸಾರವೂ ಒಡೆಯುತ್ತವೆ. ಕೊನೆಯ ಭಾಗವನ್ನು ಬಿಟ್ಟರೆ ಇಲ್ಲಿ ಒಗಟು ಇಲ್ಲವೆನ್ನಬಹುದು. ನಡೆಯುವುದು, ನೋಡುವುದು, ಕಂಡದ್ದನ್ನು ದಾಖಲಿಸುವುದು ಇಷ್ಟೇ ಕೆಲಸ. ಒಗಟೇ ಇಲ್ಲದ ಮೇಲೆ ಒಡೆದು ಕಳೆದುಕೊಳ್ಳುವುದಕ್ಕೇನಿದೆ? ಎರಡನೆಯ ಸಲ ಬೀದಿಗಳಲ್ಲಿ ನಡೆದಾಗ, ಮುಂದೆ ಬರುವುದರ ನೆರಳು 2041ರ ಬೆಳಕಿನಲ್ಲಿಯೇ ಬಿದ್ದಿರುವುದು ಕಾಣುತ್ತದೆ.

1984ರಲ್ಲಿ ರೊನಾಲ್ಡ್ ರೇಗನ್ನರು ಮತ್ತೆ ಗೆದ್ದುದರಿಂದ ಕಳವಳಗೊಂಡು ಮೆರೆಟ್ಸ್ಕಿ ಇದನ್ನು ಬರೆದ. ಆ ರಾಜಕೀಯವೇನೋ ಹಳೆಯದಾಯಿತು. ಅಲ್ಲಲ್ಲಿ ವ್ಯಂಗ್ಯ ತೀರ ಒರಟಾಗಿ ಬಂದಿರುವುದೂ ನಿಜ. ಆದರೆ ಅವನು ದೂರದ ಭವಿಷ್ಯವೆಂದು ಇಟ್ಟ 2031 ನಮ್ಮ ಹೊಸ್ತಿಲಿಗೇ ಬಂದಿದೆ. ಹಂಬಲದಿಂದ ಇದರ ಬಳಿಗೆ ಬಂದವನು ಹಿಂದಿನದನ್ನು ಹುಡುಕುತ್ತ ಮುಂದಿನದನ್ನು ಕಂಡು ಹೌಹಾರುತ್ತಾನೆ.

ಇವು ಉಳಿದುಬಂದ ಬಗೆಯನ್ನೂ ಹೇಳಬೇಕು. ಇನ್ಫೋಕಾಮನ್ನು 1986ರಲ್ಲಿ ಆಕ್ಟಿವಿಷನ್ ಕೊಂಡುಕೊಂಡಿತು. 1989ರಲ್ಲಿ ಕಚೇರಿ ಮುಚ್ಚಿತು. ಅಂದಿನ ಕಂಪ್ಯೂಟರುಗಳೂ ಮೂಲೆ ಸೇರಿದವು. ಆದರೆ 1979ರಲ್ಲಿಯೇ ಜೋಯಲ್ ಬೆರೆಜ್ ಮತ್ತು ಮಾರ್ಕ್ ಬ್ಲ್ಯಾಂಕ್ ಒಂದು ಜಾಣತನ ಮಾಡಿದ್ದರು. ಕಥೆಗಳನ್ನು ಯಾವ ನಿಜವಾದ ಯಂತ್ರಕ್ಕೂ ಬರೆಯದೆ, ಜೀ-ಮಷೀನ್ ಎಂಬ ಕಾಲ್ಪನಿಕ ಯಂತ್ರಕ್ಕೆ ಬರೆಯುವ ಏರ್ಪಾಡದು. ಆ ಕಾಲ್ಪನಿಕ ಯಂತ್ರವನ್ನು ಅನುಕರಿಸುವ ಪುಟ್ಟ ಕಾರ್ಯಕ್ರಮವೊಂದನ್ನು ಬರೆದರೆ ಸಾಕು, ಇಂದಿನ ಫೋನಿನಲ್ಲಿಯೂ 1983ರ ಕಥೆ ಒಂದಕ್ಷರ ಬದಲಾಗದೆ ನಡೆಯುತ್ತದೆ. ನಮ್ಮ ಓಲೆಗರಿಗಳು ಉಳಿದದ್ದು ಗರಿಯ ಗಟ್ಟಿತನದಿಂದಲ್ಲ, ಮತ್ತೆ ಮತ್ತೆ ಪ್ರತಿಮಾಡಿದ ಕೈಗಳಿಂದ. ಇಲ್ಲಿಯೂ ಆ ಕೈಗಳು ಬಹುಮಟ್ಟಿಗೆ ಹವ್ಯಾಸಿಗಳವು. ಅವರನ್ನು ಪ್ರೇರಿಸಿದ್ದು ಹಂಬಲವೇ. ಆ ಋಣವನ್ನು ವಿಮರ್ಶಕ ಮರೆಯಬಾರದು.

ಆದರೂ ಹಂಬಲ ಆ ತಲೆಮಾರಿನೊಡನೆ ಮುಗಿಯುವಂಥದು. ಈ ಆಟಗಳನ್ನು ಚಿಕ್ಕಂದಿನಲ್ಲಿ ಆಡಿದ ಕಡೆಯ ಮನುಷ್ಯನೂ ಹೋದ ಮೇಲೆ ಇವುಗಳ ಪರವಾಗಿ ಮಾತಾಡುವವರು ಯಾರು? ನೆನಪಿಲ್ಲದ ಓದುಗನಿಗೂ ಕೊಡಲು ಏನಾದರೂ ಇರುವ ಕೃತಿ ಮಾತ್ರ ಆಗ ಉಳಿದೀತು. ಎಲ್ಲವನ್ನೂ ಹೊಗಳುತ್ತ ಹೋದರೆ 'ಪ್ಲ್ಯಾನೆಟ್‌ಫಾಲ್'ನ ಆ ಬಾಗಿಲು ನೂರು ಸಾಮಾನ್ಯ ಬಾಗಿಲುಗಳ ನಡುವೆ ಕಳೆದುಹೋದೀತು.

ಆಸಕ್ತ ಓದುಗರಿಗೆ ನನ್ನ ಸೂಚನೆ ಇಷ್ಟೆ: ಎಂದೂ ಆಡದವರು 'ಪ್ಲ್ಯಾನೆಟ್‌ಫಾಲ್'ನಿಂದ ಆರಂಭಿಸಲಿ. ಪರಿಹಾರದ ಪಟ್ಟಿಯನ್ನು ದೂರವಿಟ್ಟು, ಕೈಯಲ್ಲೊಂದು ಕಾಗದ ಹಿಡಿದು ನಕ್ಷೆ ಬರೆಯುತ್ತ ಹೋಗಲಿ. ಹಿಂದೆ ಆಡಿದವರು ಮತ್ತೊಮ್ಮೆ 'ಎ ಮೈಂಡ್ ಫಾರೆವರ್ ವಾಯೇಜಿಂಗ್' ಆಡಲಿ. ಅದಕ್ಕೆ 2031 ಬರುವವರೆಗೆ ಕಾಯುವುದು ಬೇಡ.