ಎಣ್ಣೆ ಆರುವ ತನಕ

ಕಡಲೆಕಾಯಿ ಎಣ್ಣೆಯಲ್ಲಿ ಬಣ್ಣದ ಪುಡಿ ಅರೆದು ಬಟ್ಟೆಗೆ ಬಳಿದರೆ, ವಾರ ಕಳೆದರೂ ಬೆರಳಿಗೆ ಜಿಡ್ಡು ಅಂಟುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಕೆಲವು ದಿನಗಳಲ್ಲಿ ಗಟ್ಟಿ ಪೊರೆಯಾಗುತ್ತದೆ. ತೈಲವರ್ಣದ ಜೀವಾಳ ಇದೇ: ಆರುತ್ತದೆ, ಆದರೆ ನಿಧಾನವಾಗಿ. ಆ ನಡುವೆ ಕಲಾವಿದ ಒಂದು ಬಣ್ಣವನ್ನು ಇನ್ನೊಂದರೊಳಗೆ ಕರಗಿಸಬಹುದು, ತಪ್ಪಿದ್ದನ್ನು ಒರೆಸಿ ಮತ್ತೆ ಬರೆಯಬಹುದು.

ಆ ಬಿಡುವಿನ ಫಲ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು. ರಾಜಾ ರವಿವರ್ಮ 1889ರಲ್ಲಿ ಬರೆದ ‘ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್’ ಅಲ್ಲಿದೆ. ಬೇರೆ ಬೇರೆ ಸೀಮೆಯ ಉಡುಗೆ ತೊಟ್ಟ ಹನ್ನೊಂದು ಹೆಂಗಸರು. ಯಾರು ಎಲ್ಲಿಯವರು ಎಂಬ ಲೆಕ್ಕ ಆಮೇಲೆ. ಮೊದಲು ಒಬ್ಬಳ ಕೆನ್ನೆ ನೋಡಿ. ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು.

ಈಗ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ತೈಲವರ್ಣದ ಹಳೆಯ ಪದ್ಧತಿಯಲ್ಲಿ ನೆರಳಿಗೆ ತೆಳು ಬಣ್ಣ, ಬೆಳಕಿಗೆ ದಪ್ಪ ಬಣ್ಣ. ಒಡವೆಯ ಹೊಳಪು, ಸೆರಗಿನ ಮಿರುಗು ಬಂದಲ್ಲಿ ಕುಂಚ ಹೇಗೆ ನಡೆದಿದೆ ಎಂಬುದನ್ನು ಗಮನಿಸಿ. ಆ ಹೊಳಪಿನ ಬಿಳಿ ಇಂದು ಹೆಚ್ಚಿನವರು ಬಳಸುವ ಟೈಟೇನಿಯಂ ಬಿಳಿಯಲ್ಲ; ಅದು ಮಾರುಕಟ್ಟೆಗೆ ಬರುವ ಮೊದಲೇ, 1906ರಲ್ಲಿ, ರವಿವರ್ಮ ತೀರಿಕೊಂಡಿದ್ದರು.

ಮುಂದೆ ನೋಡಬೇಕಾದ್ದು ಬಿರುಕು. ಅದನ್ನು ತಡೆಯುವ ಎಚ್ಚರ ಬಟ್ಟೆಯಿಂದಲೇ ಶುರು. ಬರಿ ಬಟ್ಟೆಗೆ ಎಣ್ಣೆ ತಾಗಿದರೆ ನೂಲು ಕ್ರಮೇಣ ಪೆಡಸಾಗಿ ಸೊರಗುತ್ತದೆ. ಹಾಗಾಗಿ ಮೊದಲು ಅಂಟು, ಅದರ ಮೇಲೆ ಬಿಳಿಯ ತಳಲೇಪ. ಬಣ್ಣದಲ್ಲೂ ಕ್ರಮ ಉಂಟು: ಕೆಳಪದರಕ್ಕೆ ಎಣ್ಣೆ ಕಡಿಮೆ, ಮೇಲ್ಪದರಕ್ಕೆ ಹೆಚ್ಚು. ಇದು ತಿರುವುಮುರುವಾದರೆ ಮೇಲಿನದು ಬೇಗ ಬಿಗಿಯುತ್ತದೆ, ಕೆಳಗಿನದು ಇನ್ನೂ ಅಲುಗಾಡುತ್ತಿರುತ್ತದೆ. ಕೆರೆಯಂಗಳದ ಮಣ್ಣಿನಂತೆ ಚಿತ್ರ ಬಾಯಿಬಿಡುತ್ತದೆ.

ಅದೇ ಅರಮನೆಯಲ್ಲಿ ಕಣ್ಣಿಗೊಂದು ಪರೀಕ್ಷೆಯೂ ಇದೆ. ದೀಪ ಹಿಡಿದು ನಿಂತ ಹೆಣ್ಣಿನ ‘ಗ್ಲೋ ಆಫ್ ಹೋಪ್’ ಚಿತ್ರವನ್ನು ಎಷ್ಟೋ ಜನ ರವಿವರ್ಮನದೆಂದೇ ನಂಬಿದ್ದಾರೆ. ಬರೆದವರು ಎಸ್. ಎಲ್. ಹಲದಣ್ಕರ್, ಅದು ತೈಲವರ್ಣವೇ ಅಲ್ಲ, ಜಲವರ್ಣ. ಎಣ್ಣೆಯಲ್ಲಿ ಬೆಳಕನ್ನು ಕೊನೆಗೆ ಮೇಲಿಂದ ಇಡಬಹುದು. ಜಲವರ್ಣದಲ್ಲಿ ಸಾಮಾನ್ಯವಾಗಿ ಕಾಗದದ ಬಿಳಿಯನ್ನೇ ಮೊದಲಿನಿಂದ ಕಾಪಾಡಿಕೊಂಡು ಬರಬೇಕು. ಬೆರಳ ಸಂದಿನಲ್ಲಿ ಸೋಸುವ ಆ ದೀಪದ ಕೆಂಪನ್ನು ನೋಡಿದ ಕಣ್ಣಲ್ಲೇ ಹನ್ನೊಂದು ಹೆಂಗಸರ ಮುಂದೆ ಮತ್ತೊಮ್ಮೆ ನಿಂತರೆ, ಒಡವೆಯ ಚುಕ್ಕಿಗಳು ಬಣ್ಣದ ಮೇಲೆ ಕೂತಿರುವುದು ಈ ಸಲ ಬೇಗ ಕಾಣುತ್ತದೆ.