ಬರನಿಯ ಮೌನ

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಸುಲ್ತಾನನ ಆದರ್ಶ ಮತ್ತು ಅದರ ಪತನಗಳಲ್ಲಿಯೇ ನೆಲೆನಿಂತಿದೆ. ಇತಿಹಾಸದ ಅಭ್ಯಾಸಿಗೆ ಬರನಿಯ ಪಾತ್ರವೂ ಅಷ್ಟೇ ವಿಚಾರಾರ್ಹವಾದುದು.

ನಾಟಕದ ಬರನಿ ಸ್ಪಷ್ಟವಾದಿ. ರಾಜ್ಯಭಾರವನ್ನು ತ್ಯಜಿಸಿ ವಿದ್ವಾಂಸರ ನಡುವೆ ಬಾಳೆಂದು ದೌಲತಾಬಾದಿನ ಕೋಟೆಯಲ್ಲಿ ಸುಲ್ತಾನನ ಮುಖಕ್ಕೇ ಹೇಳಬಲ್ಲವನು. ಕಡೆಗೆ ಅವನನ್ನು ಅಗಲಿ ಹೊರಟುಹೋಗುತ್ತಾನೆ. ಚರಿತ್ರೆಯ ಜಿಯಾವುದ್ದೀನ್ ಬರನಿಯಾದರೋ ಮುಹಮ್ಮದನ (1325–1351) ಆಸ್ಥಾನದಲ್ಲಿ 17 ವರ್ಷಕ್ಕೂ ಮೇಲ್ಪಟ್ಟು ಉಳಿದವನು. ಪ್ರಾಣಭಯದಿಂದಲೂ ಧನದಾಸೆಯಿಂದಲೂ ತಾನೂ ತನ್ನಂಥವರೂ ಸತ್ಯವನ್ನು ನುಡಿಯಲಿಲ್ಲವೆಂದು, ಸುಲ್ತಾನನು ಮಡಿದ ಬಳಿಕ ಬರೆದ ‘ತಾರೀಖ್-ಇ-ಫಿರೋಜ್‌ಶಾಹಿ’ಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ.

ಚರಿತ್ರೆಯನ್ನು ಮಾರ್ಪಡಿಸುವ ಸ್ವಾತಂತ್ರ್ಯ ನಾಟಕಕಾರನಿಗೆ ಉಂಟು, ಅದು ಆಕ್ಷೇಪಾರ್ಹವಲ್ಲ. ಆದರೆ ಈ ಮಾರ್ಪಾಟಿನಿಂದ ಒಂದು ಮಹತ್ವದ ಸತ್ಯ ಮರೆಯಾಯಿತು. ನಾಟಕದಲ್ಲಿ ದಬ್ಬಾಳಿಕೆಯ ಮೂಲವು ಏಕಾಕಿಯಾದ ಒಂದು ಮನಸ್ಸಿನ ದುರಂತದಲ್ಲಿದೆ. ವಾಸ್ತವದಲ್ಲಿಯಾದರೋ ಅದು ಒಬ್ಬನ ಕ್ರೌರ್ಯದಿಂದಲೇ ನಿಲ್ಲುವುದಿಲ್ಲ. ಬಲ್ಲವರ ಮೌನವೂ ಅದಕ್ಕೆ ಆಧಾರಸ್ತಂಭ. ನಿರಂಕುಶ ಪ್ರಭುವಿನೆದುರು ಮೊದಲು ಕುಸಿಯುವುದು ಪ್ರಜೆಯ ಸ್ವಾತಂತ್ರ್ಯವಲ್ಲ, ಪಂಡಿತನ ನಾಲಗೆ. ಆದಕಾರಣ ನಾಟಕವನ್ನೂ ಬರನಿಯ ಗ್ರಂಥವನ್ನೂ ನಮ್ಮ ವಿದ್ಯಾರ್ಥಿಗಳು ಜೊತೆಯಾಗಿಯೇ ಓದತಕ್ಕದ್ದು.